ಮೆದುಳಿನ ಗಡ್ಡೆ: ತೋಳಿನ ರಕ್ತ ಸಾಕ್ಷಿ ಹೇಳೀತೆ?

ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ದೊಡ್ಡ ಸ್ಕ್ಯಾನ್ ಕವರನ್ನು ಎದೆಗವಚಿಕೊಂಡು ಕೂತವರನ್ನು ನೀವೂ ನೋಡಿರುತ್ತೀರಿ. ಮಾತಾಡಿಸಿದರೆ ‘ನಿಮ್ಹಾನ್ಸ್‌ಗೆ ಸ್ವಾಮಿ, ತಲೇಲಿ ಗಡ್ಡೆ ಅಂದಿದ್ದಾರೆ’ ಅಂತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು: ‘ಸಕ್ಕರೆ ಕಾಯಿಲೆಗೆ ರಕ್ತ ನೋಡಿ ಹೇಳ್ತಾರಲ್ಲ, ಇದಕ್ಕೂ ಹಾಗೆ ಹೇಳೋಕಾಗಲ್ವೆ? ಬುರುಡೆ ಕೊರೀಲೇಬೇಕಾ?’

ಇದು ದಡ್ಡ ಪ್ರಶ್ನೆಯಲ್ಲ. ಇದೇ ಪ್ರಶ್ನೆ ಹಿಡಿದು ದೊಡ್ಡ ದೊಡ್ಡ ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಅವರು ನೆಚ್ಚಿರೋದು ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ವಸ್ತುವನ್ನು.

ಏನಿದು? ಅಂಗಡಿ ಲೆಕ್ಕದಲ್ಲೇ ಹೇಳೋಣ. ಜೀವಕೋಶದೊಳಗಿನ ಡಿಎನ್‌ಎ ಅಂದರೆ ಯಜಮಾನರ ಖಾತೆ ಪುಸ್ತಕ. ಅದು ಗಲ್ಲಾ ಬಿಟ್ಟು ಆಚೆ ಬರೋದಿಲ್ಲ. ಬೇಕಾದ ಮಾಲನ್ನು ಚೀಟಿಯಲ್ಲಿ ಬರೆದು ಗೋದಾಮಿಗೆ ಕಳಿಸುತ್ತಾರೆ. ಅಲ್ಲಿಯವರು ಚೀಟಿ ನೋಡಿ ಮಾಲು, ಅಂದರೆ ಪ್ರೋಟೀನು, ಕಟ್ಟುತ್ತಾರೆ. ಮೈಕ್ರೋ ಆರ್‌ಎನ್‌ಎ ಅನ್ನೋದು ದಾರಿಯಲ್ಲೇ ಚೀಟಿ ಹಿಡಿದು ‘ಇದನ್ನ ಕೊಡಬೇಡಿ’ ಅನ್ನುವ ಗುಮಾಸ್ತ. ಉದ್ದ ಸುಮಾರು 22 ಅಕ್ಷರ, ಅಷ್ಟೆ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡಾಗ, ಹುಳದ ವಿಚಾರ ತಾನೆ ಅಂತ ಹೆಚ್ಚಿನವರು ಕಿವಿಗೇ ಹಾಕಿಕೊಳ್ಳಲಿಲ್ಲ. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು!

ಗುಮಾಸ್ತ ಕೆಟ್ಟರೆ ಅಂಗಡಿ ಗತಿ ಏನು? ಮೆದುಳಿನ ಗಡ್ಡೆಗಳಲ್ಲೇ ಕ್ರೂರವಾದದ್ದು ಗ್ಲಿಯೊಬ್ಲಾಸ್ಟೋಮಾ. ಅದರಲ್ಲಿ ಮಿರ್-21 ಎಂಬ ನಂಬರಿನ ಗುಮಾಸ್ತ ವಿಪರೀತ ಹೆಚ್ಚಿರುತ್ತಾನೆಂದು 2005ರಲ್ಲಿ ಗೊತ್ತಾಯಿತು. ಕೆಟ್ಟ ಕೋಶ ತಾನಾಗಿ ಸಾಯಲು ಬೇಕಾದ ಚೀಟಿಗಳನ್ನೇ ಈತ ತಡೆಯುತ್ತಾನೆ. ಪ್ರಯೋಗಾಲಯದ ತಟ್ಟೆಯಲ್ಲಿ ಇವನ ಕೈ ಕಟ್ಟಿದಾಗ ಗಡ್ಡೆಯ ಕೋಶಗಳು ಸಾಯತೊಡಗಿದವು.

ಇದರಲ್ಲಿ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ (ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಕುಮಾರವೇಲ್ ಸೋಮಸುಂದರಂ ಅವರ ತಂಡ ಅಮೆರಿಕದ ಸಂಗ್ರಹದಲ್ಲಿದ್ದ 222 ರೋಗಿಗಳ ಮಾಹಿತಿ ಜಾಲಾಡಿ, 2011ರಲ್ಲಿ ಹತ್ತು ಮೈಕ್ರೋ ಆರ್‌ಎನ್‌ಎಗಳ ಪಟ್ಟಿ ಕೊಟ್ಟಿತು. ಏಳು ಹೆಚ್ಚಿದ್ದರೆ ಆಯಸ್ಸಿಗೆ ಕುತ್ತು, ಮೂರು ಹೆಚ್ಚಿದ್ದರೆ ವಾಸಿ. ಆದರೆ ಅದು ಕೊಯ್ದು ತೆಗೆದ ಗಡ್ಡೆಯ ಚೂರಿನ ಲೆಕ್ಕ, ರಕ್ತದ್ದಲ್ಲ.

ರಕ್ತದಲ್ಲೂ ಇವು ಕೆಡದೆ ಉಳಿಯುತ್ತವೆ ಅಂತ 2008ರಲ್ಲಿ ತಿಳಿದ ಮೇಲೆ ಆಸೆ ಚಿಗುರಿತು. ಆಸೆ ಯಾಕೆ ದೊಡ್ಡದು ಅಂದರೆ, ಆಪರೇಷನ್ ಆಗಿ, ಕರೆಂಟು ಕೊಟ್ಟು, ಟೆಮೊಜೊಲೊಮೈಡ್ ಮಾತ್ರೆ ನುಂಗಿಸಿದರೂ 2005ರ ದೊಡ್ಡ ಪರೀಕ್ಷೆಯಲ್ಲಿ ಅರ್ಧದಷ್ಟು ರೋಗಿಗಳು ಹದಿನೈದು ತಿಂಗಳು ದಾಟಲಿಲ್ಲ. ಇಷ್ಟರ ನಡುವೆ ಇನ್ನೊಂದು ಪೇಚು. ಕರೆಂಟು ಮುಗಿದ ಮೊದಲ ಮೂರು ತಿಂಗಳಲ್ಲಿ ಎಂಆರ್‌ಐ ಮಾಡಿಸಿದರೆ ಕೆಲವರಿಗೆ ಗಡ್ಡೆ ಬೆಳೆದ ಹಾಗೆ ಕಾಣುತ್ತದೆ. ನಿಜಕ್ಕೂ ಬೆಳೆದಿದೆಯೋ, ಬರೀ ಚಿಕಿತ್ಸೆಯ ಊತವೋ ಚಿತ್ರ ನೋಡಿ ಹೇಳೋದು ಕಷ್ಟ. ‘ಸ್ವಲ್ಪ ದಿನ ಬಿಟ್ಟು ಬನ್ನಿ, ಮತ್ತೆ ಸ್ಕ್ಯಾನ್ ಮಾಡೋಣ’ ಅಂತಾರೆ. ಎಣಿಸಿಟ್ಟ ತಿಂಗಳಲ್ಲಿ ಆ ಸ್ವಲ್ಪ ದಿನ ಮನೆಯವರು ಹೇಗೆ ಕಳೀಬೇಕು? ಒಂದು ಸಿರಿಂಜು ರಕ್ತ ಉತ್ತರ ಹೇಳಿದರೆ ಪುಣ್ಯ.

ಇನ್ನೂ ಹೇಳುತ್ತಿಲ್ಲ. ಮಿರ್-21 ಬೇರೆ ಕ್ಯಾನ್ಸರ್‌ಗಳಲ್ಲೂ ಏರುತ್ತೆ, ಉರಿಯೂತದಲ್ಲೂ ಏರುತ್ತೆ. ಊರಿನ ಎಲ್ಲ ಗಲಾಟೇಲೂ ಸಿಗೋ ಆಸಾಮಿ. ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೆ ಅದರೊಳಗಿನವೂ ಬೆರೆತು ತಕ್ಕಡಿ ವಾಲುತ್ತದೆ. ಒಂದು ಲ್ಯಾಬಿನ ಅಳತೆಗೂ ಇನ್ನೊಂದರ ಅಳತೆಗೂ ತಾಳೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗ್ಲಿಯೊಬ್ಲಾಸ್ಟೋಮಾ ಗುರುತಿಸಲು ಕೊಟ್ಟ ಪಟ್ಟಿಯಲ್ಲಿ ಮೈಕ್ರೋ ಆರ್‌ಎನ್‌ಎ ಇಲ್ಲ. ಪುಟ್ಟ ಮಕ್ಕಳಿಗೆ ಬರುವ ಒಂದು ಅಪರೂಪದ ಗಡ್ಡೆಗೆ ಮಾತ್ರ 19ನೇ ಕ್ರೋಮೋಸೋಮಿನ ಮೈಕ್ರೋ ಆರ್‌ಎನ್‌ಎ ಗುಂಪಿನ ಏರುಪೇರನ್ನು 2016ರಿಂದಲೇ ಗುರುತಾಗಿ ಒಪ್ಪಿದ್ದಾರೆ. ಅದನ್ನೂ ನೋಡೋದು ಗಡ್ಡೆಯ ಚೂರಿನಲ್ಲೇ.

ಆದ್ದರಿಂದ ‘ಈ ರಕ್ತ ಪರೀಕ್ಷೆ ಮಾಡಿಸಿ, ಆಪರೇಷನ್ನೇ ಬೇಡ’ ಅಂತ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಜೇಬು ಮುಚ್ಚಿಕೊಳ್ಳಿ. ದೊಡ್ಡಾಸ್ಪತ್ರೆಯಲ್ಲಿ ಸಂಶೋಧನೆಗೆಂದು ಒಂದಿಷ್ಟು ರಕ್ತ ಕೇಳಿ ಒಪ್ಪಿಗೆ ಫಾರಂ ಮುಂದಿಟ್ಟರೆ ಅದು ಬೇರೆ ಮಾತು. ಸಹಿ ಹಾಕೋದು ನಿಮ್ಮಿಷ್ಟ. ಹಾಕದಿದ್ದರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ.