ಹೆತ್ತವರಿಂದ ಅಗಲಿದ ಮಗುವಿನ ಕೈಗೆ ಬಣ್ಣ

ಮರಿಗಳನ್ನು ಕಳೆದುಕೊಂಡ ಹಕ್ಕಿ ರೆಕ್ಕೆ ಬಡಿಯುತ್ತಾ ಚಡಪಡಿಸುವುದನ್ನು ಕಂಡು, ಮರಿಗಳನ್ನು ಮರಳಿಸಲು ಪ್ರವಾದಿ(ಸ)ರು ಸಂಗಾತಿಗಳಿಗೆ ಹೇಳಿದ ಪ್ರಸಂಗ ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ಹಕ್ಕಿಯ ವಿಷಯದಲ್ಲೇ ಇಷ್ಟು ಕರುಣೆಯಿದ್ದರೆ, ಯುದ್ಧ, ಹಿಂಸೆಯಿಂದ ಹೆತ್ತವರನ್ನು ಅಗಲಿದ ಮಕ್ಕಳ ಬಗ್ಗೆ ನಮ್ಮ ಹೊಣೆ ಎಷ್ಟಿರಬೇಕು?

ಅನ್ನ, ಬಟ್ಟೆ, ಸೂರು ಮೊದಲು ಬೇಕು, ನಿಜ. ಆದರೆ ಅವು ಸಿಕ್ಕಿದ ಮೇಲೂ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಹೊಸ ಊರಿನ ಭಾಷೆ ಬಾರದು. ಕಂಡದ್ದನ್ನು ಹೇಳಲು ಮಾತು ಸಾಲದು. 2017ರ ಆಗಸ್ಟ್ ನಂತರ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಮ್ಯಾನ್ಮಾರಿನಿಂದ ಬಾಂಗ್ಲಾದೇಶಕ್ಕೆ ಓಡಿಬಂದಾಗ, ಕಾಕ್ಸ್ ಬಜಾರಿನ ಶಿಬಿರಗಳಲ್ಲಿ ಮಕ್ಕಳ ಕೈಗೆ ಕಾಗದ, ಬಣ್ಣ ಕೊಡಲಾಯಿತು. ಉರಿಯುವ ಮನೆಗಳು, ಬಂದೂಕು ಹಿಡಿದವರು ಚಿತ್ರಗಳಲ್ಲಿ ಮೂಡಿದರು. ಹೇಳಲಾಗದ್ದನ್ನು ಮಗು ಹೊರಗಿಟ್ಟಿತು.

2021ರಲ್ಲಿ ‘ಅಮಲ್’ ಎಂಬ ಮೂರೂವರೆ ಮೀಟರ್ ಎತ್ತರದ ಗೊಂಬೆ ತುರ್ಕಿಯ ಗಾಝಿಯಾಂತೆಪ್‌ನಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ವರೆಗೆ ಸುಮಾರು 8,000 ಕಿ.ಮೀ. ಸಾಗಿತು. ಅಮಲ್ ಎಂದರೆ ಅರಬಿಯಲ್ಲಿ ನಿರೀಕ್ಷೆ. ತಾಯಿಯನ್ನು ಹುಡುಕುವ ಒಂಬತ್ತರ ಸಿರಿಯನ್ ಬಾಲಕಿಯ ರೂಪವದು. ಗ್ರೀಸಿನ ಲಾರಿಸ್ಸಾದಲ್ಲಿ ಅದರತ್ತ ಕಲ್ಲು ತೂರಿದವರೂ ಇದ್ದರು. ಊರೂರುಗಳಲ್ಲಿ ಮಕ್ಕಳು ಅದನ್ನು ಸ್ವಾಗತಿಸಿದರು.

ಚಿತ್ರದ ವಿಷಯದಲ್ಲಿ ಕೆಲವು ಹೆತ್ತವರಿಗೆ ಅಳುಕಿದೆ. ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದು ಸರಿ. ಆದರೆ ಆಯಿಶಾ(ರ)ರು ಗೊಂಬೆಗಳೊಂದಿಗೆ ಆಡುತ್ತಿದ್ದುದು ಬುಖಾರಿಯಲ್ಲಿ ವರದಿಯಾಗಿದೆ. ಮನೆ, ಮರ, ನದಿ, ಅಕ್ಷರ ವಿನ್ಯಾಸ, ಕಸೂತಿ, ಜೇಡಿಮಣ್ಣು ಇವೆಲ್ಲವೂ ದಾರಿಗಳೇ.

ನಮ್ಮ ಯತೀಂಖಾನೆ, ಹಾಸ್ಟೆಲುಗಳಲ್ಲೂ ದೂರದ ಊರಿನ ಮಕ್ಕಳಿದ್ದಾರೆ. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಪರಿಚಿತ ಹಿರಿಯರೊಬ್ಬರು ಅವರೊಂದಿಗೆ ಕೂರಲಿ. ಏನು ಬಿಡಿಸಬೇಕೆಂದು ಮಗುವೇ ಆರಿಸಲಿ. ‘ಇದೇನು, ಯಾಕೆ’ ಎಂದು ಕೆದಕಬಾರದು, ಹೇಳಿದರೆ ಕೇಳಬೇಕು. ಬಹುಮಾನದ ಸ್ಪರ್ಧೆ ಬೇಡ. ಮಗುವಿನ ಒಪ್ಪಿಗೆಯಿಲ್ಲದೆ ಚಿತ್ರವನ್ನು ಗೋಡೆಗೆ ಅಂಟಿಸುವುದಾಗಲಿ ವಾಟ್ಸಾಪ್‌ಗೆ ಹಾಕುವುದಾಗಲಿ ಸಲ್ಲದು. ಅದು ನಮ್ಮಲ್ಲಿರಿಸಿದ ಅಮಾನತು. ನಿದ್ದೆ, ಊಟ ಬಿಟ್ಟ ಮಗುವನ್ನು ವೈದ್ಯರಿಗೆ ತೋರಿಸಬೇಕು.

ಬಣ್ಣ ತಾಯಿಯನ್ನು ತಂದುಕೊಡದು. ಆದ್ದರಿಂದ ಹುಡುಕಾಟ ನಿಲ್ಲಬಾರದು. ಒಂಟಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡೋಣ. ಯೂಸುಫ್(ಅ)ರನ್ನು ತಂದೆಯೊಂದಿಗೆ ಮತ್ತೆ ಸೇರಿಸಿದ ಅಲ್ಲಾಹನು ಅಗಲಿದ ಪ್ರತಿ ಮಗುವನ್ನೂ ತನ್ನವರೊಂದಿಗೆ ಸೇರಿಸಲಿ. ಆಮೀನ್.