1991: ಕನ್ನಡದ ಅಕ್ಷರಗಳಿಗೆ ಮನೆ ನಂಬರ್ ಸಿಕ್ಕ ವರ್ಷ



ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಈ ಪುಟಕ್ಕೆ ಹಾಕೋಣವೆಂದು ಇತ್ತೀಚೆಗೆ ಒಂದು ಹಳೆಯ ಸಿಡಿ ತೆರೆದೆವು. ಫೈಲ್ ತೆರೆಯಿತು, ಕನ್ನಡ ಮಾತ್ರ ಬರಲಿಲ್ಲ. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆ, ಸೊಟ್ಟ ಗೆರೆಗಳ ಕಲಸುಮೇಲೋಗರ. ಅಧ್ಯಕ್ಷರ ಮಾತು ಎಲ್ಲಿ ಮುಗಿಯಿತು, ಖರ್ಚುವೆಚ್ಚದ ಪಟ್ಟಿ ಎಲ್ಲಿ ಶುರುವಾಯಿತು ಎಂಬುದೂ ತಿಳಿಯಲಿಲ್ಲ. ಆದರೆ ಇಂದು ತಾಳವಾಡಿಯ ಸದಸ್ಯರು ಮೊಬೈಲಿನಲ್ಲಿ ಬರೆದ ಕನ್ನಡ ಸೊಲ್ಲಾಪುರದಲ್ಲೂ ಕಾಸರಗೋಡಿನಲ್ಲೂ ಬರೆದ ಹಾಗೆಯೇ ಕಾಣುತ್ತದೆ. ಈ ವ್ಯತ್ಯಾಸ ಏಕೆ? ಕಾರಣ ಹುಡುಕುತ್ತ ಹೋದರೆ 1991ಕ್ಕೆ ಹೋಗಿ ನಿಲ್ಲುತ್ತೇವೆ.

ಒಂದೇ ವರ್ಷ, ಹಲವು ಬೀಜ

1991ರ ಆಗಸ್ಟ್ 6ರಂದು ಸ್ವಿಟ್ಜರ್‌ಲೆಂಡಿನ ಸೆರ್ನ್ ಸಂಶೋಧನಾ ಕೇಂದ್ರದ ಟಿಮ್ ಬರ್ನರ್ಸ್-ಲೀ ಅವರು ತಮ್ಮ 'ವರ್ಲ್ಡ್ ವೈಡ್ ವೆಬ್' ಯೋಜನೆಯನ್ನು ಹೊರಜಗತ್ತಿಗೆ ತಿಳಿಸಿದರು. ಅದೇ ತಿಂಗಳ 25ರಂದು ಫಿನ್‌ಲೆಂಡಿನ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ತಾನೊಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿದ್ದೇನೆ, ಇದು ಬರೀ ಹವ್ಯಾಸಕ್ಕೆ ಎಂದು ಪ್ರಕಟಿಸಿದ. ಅದೇ ಲಿನಕ್ಸ್. ಇಂದು ಪ್ರತಿ ಆಂಡ್ರಾಯ್ಡ್ ಫೋನಿನ ಒಳಗೂ ಅದರ ತಿರುಳಿದೆ. ಅಕ್ಟೋಬರಿನಲ್ಲಿ ಜಗತ್ತಿನ ಲಿಪಿಗಳಿಗೆ ಒಂದೇ ಲೆಕ್ಕ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡ ಮೊದಲ ದಿನದಿಂದಲೇ ಇತ್ತು.

ನಮ್ಮ ದೇಶದಲ್ಲೂ ಅದು ಸುಮ್ಮನೆ ಕಳೆದ ವರ್ಷವಲ್ಲ. ಸೂಪರ್ ಕಂಪ್ಯೂಟರ್ ಕೊಡಲು ಅಮೆರಿಕ ಹಿಂದೆಮುಂದೆ ನೋಡಿದ್ದರಿಂದ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿಕೊಂಡಿತ್ತು. ವಿಜಯ್ ಭಟ್ಕರ್ ನೇತೃತ್ವದಲ್ಲಿ ಅದು 'ಪರಮ್ 8000' ಅನ್ನು ಕಟ್ಟಿ ತೋರಿಸಿದ್ದು 1991ರಲ್ಲೇ. ಭಾರತೀಯ ಲಿಪಿಗಳ ಸಂಕೇತ ವ್ಯವಸ್ಥೆಯಾದ 'ಇಸ್ಕಿ' ರಾಷ್ಟ್ರೀಯ ಮಾನಕವಾಗಿ ಹೊರಬಂದದ್ದೂ ಅದೇ ವರ್ಷ.

ಆಟದ ಅಂಗಳದಲ್ಲಿ

ಮಕ್ಕಳ ಲೋಕದಲ್ಲೂ ಅದು ದೊಡ್ಡ ವರ್ಷ. ಸೆಗಾ ಕಂಪನಿಯ ನೀಲಿ ಮುಳ್ಳುಹಂದಿ 'ಸೋನಿಕ್' ಜೂನ್‌ನಲ್ಲಿ ಓಟ ಶುರು ಮಾಡಿತು. ಕ್ಯಾಪ್‌ಕಾಮ್‌ನ 'ಸ್ಟ್ರೀಟ್ ಫೈಟರ್ 2' ಬಂದು ಇಬ್ಬರು ಎದುರುಬದುರು ಕಾದಾಡುವ ಆಟಗಳಿಗೆ ಮಾದರಿ ಹಾಕಿಕೊಟ್ಟಿತು. ಕೈಕಾಲು ರಬ್ಬರಿನಂತೆ ಉದ್ದ ಮಾಡಿ ಬಾಯಿಂದ ಬೆಂಕಿ ಉಗುಳುವ ಭಾರತದ ಯೋಗಿ ಧಾಲ್ಸಿಮ್ ಅದರಲ್ಲಿದ್ದ. ನಮ್ಮಲ್ಲಿ ಹಲವರು ಅವನನ್ನು ಕಂಡದ್ದು ವರ್ಷಗಳ ನಂತರ, ವಿಡಿಯೊ ಗೇಮ್ ಪಾರ್ಲರ್‌ಗಳಲ್ಲಿ. ಹೊರಗಿನವರು ನಮ್ಮನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದಕ್ಕೆ ಅವನೇ ಸಾಕ್ಷಿ.

ಸಿಡ್ ಮೇಯರ್ ಅವರ 'ಸಿವಿಲೈಸೇಷನ್' ಕೂಡ ಆ ವರ್ಷದ್ದೇ. ಅದರಲ್ಲಿ ಭಾರತದ ನಾಯಕ ಮಹಾತ್ಮ ಗಾಂಧಿ. ಈ ಆಟದ ಬಗ್ಗೆ ಒಂದು ಕಥೆ ಹಬ್ಬಿತ್ತು: ಗಾಂಧಿಯ ಆಕ್ರಮಣಶೀಲತೆಯ ಅಂಕ ಬರೀ 1. ಪ್ರಜಾಪ್ರಭುತ್ವಕ್ಕೆ ಬಂದಾಗ ಅದರಿಂದ 2 ಕಳೆಯುತ್ತಾರೆ. ಸೊನ್ನೆಗಿಂತ ಕೆಳಗೆ ಹೋಗಲಾರದೆ ಅಂಕ 255ಕ್ಕೆ ಜಿಗಿದು ಗಾಂಧಿ ಅಣುಬಾಂಬ್ ಹಾಕಲು ಹೊರಡುತ್ತಾರೆ! ಅಂಥ ದೋಷ ಆಟದಲ್ಲಿ ಇರಲೇ ಇಲ್ಲ ಎಂದು ಮೇಯರ್ ಅವರೇ 2020ರ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಕಥೆ ಸುಳ್ಳಾದರೂ ಅದರೊಳಗಿನ ಲೆಕ್ಕ ನಿಜ. ಒಂದು ಬೈಟ್‌ನಲ್ಲಿ ಹಿಡಿಯುವುದು 0ಯಿಂದ 255ರವರೆಗೆ, ಒಟ್ಟು 256 ಸಂಖ್ಯೆ ಮಾತ್ರ. ನಮ್ಮ ಸಿಡಿಯ ಗೋಳಿಗೂ ಇದೇ ಮೂಲ.

256 ಮನೆಗಳ ಊರು

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಮನೆ ನಂಬರ್ ಬೇಕು. ಹಳೆಯ ವ್ಯವಸ್ಥೆಯಲ್ಲಿ ಇದ್ದದ್ದು 256 ಮನೆ; ಅರ್ಧ ಇಂಗ್ಲಿಷಿಗೇ ಮೀಸಲು. ಕಾಗುಣಿತ, ಒತ್ತಕ್ಷರಗಳ ಕನ್ನಡಕ್ಕೆ ಜಾಗವೆಲ್ಲಿ? ಹಾಗಾಗಿ ಫಾಂಟ್ ಮಾಡಿದವರು ಬೇರೆ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ತಲೆಕಟ್ಟು ಒಂದು ಕಡೆ, ಕೊಂಬು ಇನ್ನೊಂದು ಕಡೆ. ಒಬ್ಬೊಬ್ಬರದು ಒಂದೊಂದು ಲೆಕ್ಕ. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಅದು ಕನ್ನಡ. ಇಲ್ಲದ ಕಡೆ ಕಲಸುಮೇಲೋಗರ. ನಮ್ಮ ಸ್ಮರಣ ಸಂಚಿಕೆಗೆ ಆದದ್ದು ಇದೇ.

ಯೂನಿಕೋಡ್‌ನ ಮೊದಲ ಆವೃತ್ತಿ ಊರನ್ನೇ ದೊಡ್ಡದು ಮಾಡಿತು: 65,536 ಮನೆ. ಅದರಲ್ಲಿ ಕನ್ನಡದ ಓಣಿ 3200ರಿಂದ ಶುರುವಾಗಿ 3327ಕ್ಕೆ ಮುಗಿಯುತ್ತದೆ. 'ಕನ್ನಡ' ಎಂದು ಬರೆದರೆ ಯಂತ್ರದೊಳಗೆ ಉಳಿಯುವುದು 3221, 3240, 3277, 3240, 3233 ಎಂಬ ಐದು ಸಂಖ್ಯೆ: ಕ, ನ, ನಡುವೆ ಅರ್ಧಾಕ್ಷರದ ಗುರುತು, ಮತ್ತೆ ನ, ಕೊನೆಗೆ ಡ. ನ-ಕ್ಕೆ ನ ಒತ್ತು ಕೂರಿಸುವ ಕೆಲಸ ಫಾಂಟಿನದು. ಫಾಂಟ್ ಬದಲಾದರೆ ರೂಪ ಬದಲಾದೀತು, ಅಕ್ಷರ ಬದಲಾಗದು.

ನಂಬರ್ ಸಿಕ್ಕರೂ ಮನೆ ಸೇರಲು ಹತ್ತು ವರ್ಷ ಬೇಕಾಯಿತು. ಯೂನಿಕೋಡ್ ಕನ್ನಡ ವಿಂಡೋಸ್‌ನಲ್ಲಿ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, 'ತುಂಗಾ' ಫಾಂಟಿನೊಡನೆ.

ಗಡಿಯವರಿಗೆ ಇದರಲ್ಲಿರುವ ಸ್ವಾರಸ್ಯ

ನಮ್ಮಂಥ ಗಡಿನಾಡಿನವರಿಗೆ ಇಲ್ಲೊಂದು ವಿಶೇಷವಿದೆ. ನಮ್ಮ ಲಿಪಿಗಳ ವರ್ಣಮಾಲೆಯ ಕ್ರಮ ಒಂದೇ ಎಂದು ಗಮನಿಸಿ 'ಇಸ್ಕಿ' ಎಲ್ಲ ಲಿಪಿಗಳಿಗೂ ಒಂದೇ ಲೆಕ್ಕ ಹಾಕಿತ್ತು. ಯೂನಿಕೋಡ್ ಆ ಕ್ರಮವನ್ನು ಉಳಿಸಿಕೊಂಡು ಪ್ರತಿ ಲಿಪಿಗೂ ಬೇರೆ ಓಣಿ ಕೊಟ್ಟಿತು. ಮರಾಠಿ, ಕೊಂಕಣಿ ಬರೆಯುವ ದೇವನಾಗರಿಯ ಓಣಿ 2304ರಿಂದ, ತಮಿಳಿನದು 2944ರಿಂದ, ತೆಲುಗಿನದು 3072ರಿಂದ, ಮಲಯಾಳದ್ದು 3328ರಿಂದ. ಯಾವ ಓಣಿಗೆ ಹೋಗಿ ಸೊನ್ನೆಯಿಂದ ಎಣಿಸಿದರೂ 21ನೇ ಮನೆಯಲ್ಲಿ ಇರುವುದು 'ಕ'. ತಮಿಳಿನಲ್ಲಿ ಖ, ಗ, ಘ ಇಲ್ಲವಾದ್ದರಿಂದ ಆ ಮನೆಗಳು ಖಾಲಿ ನಿವೇಶನ. ಮುಂದಿನ ಲೆಕ್ಕ ತಪ್ಪದಿರಲೆಂದು ಹಾಗೇ ಬಿಟ್ಟಿದ್ದಾರೆ.

ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಜೋಡಣೆಯೂ ಇದೇ ತತ್ವದ್ದು. ಜತ್ತದ ಮಗು ಮರಾಠಿಯ 'ಕ' ಒತ್ತುವ ಕೀಲಿಯಲ್ಲೇ ಕನ್ನಡದ 'ಕ' ಇದೆ. ಮಡಕಶಿರದ ತೆಲುಗಿಗೂ ಕಾಸರಗೋಡಿನ ಮಲಯಾಳಕ್ಕೂ ಅದೇ ಕೀಲಿ. ಶಾಲೆಯಲ್ಲಿ ರಾಜ್ಯಭಾಷೆಯ ಟೈಪಿಂಗ್ ಇನ್‌ಸ್ಕ್ರಿಪ್ಟ್‌ನಲ್ಲಿ ಕಲಿತ ಮಗುವಿನ ಬೆರಳಿಗೆ ಕನ್ನಡ ಆಗಲೇ ಬಂದಿರುತ್ತದೆ. ನಾವು ತಿದ್ದಿಸಬೇಕಾದ್ದು ಅಕ್ಷರದ ರೂಪ ಮಾತ್ರ. ಕಾಸರಗೋಡಿನವರಿಗೆ ಇನ್ನೊಂದು ಸಂತೋಷ: 2024ರ ಯೂನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಓಣಿ ಸಿಕ್ಕಿದೆ.

ಈಗ ನಮ್ಮ ಕೆಲಸ

ಗಡಿಯಾಚೆ ಕನ್ನಡದ ದಾಖಲೆ ಇಡುವವರು ಹೆಚ್ಚಾಗಿ ನಾವೇ, ನಮ್ಮಂಥ ಸಂಘಗಳೇ. ಹಳೆಯ ನಾಟಕದ ಪ್ರತಿ, ಶಾಲೆಗಾಗಿ ಬರೆದ ಮನವಿ, ತೀರಿಕೊಂಡ ಹಿರಿಯರ ಲೇಖನ ಯಾರದೋ ಕಂಪ್ಯೂಟರಿನಲ್ಲಿ ಹಳೆಯ ಫಾಂಟಿನಲ್ಲೇ ಉಳಿದಿದ್ದರೆ, ಆ ಯಂತ್ರ ಕೆಟ್ಟ ದಿನ ಅವೂ ಹೋದಂತೆ. ಆದ್ದರಿಂದ ಸದಸ್ಯರಲ್ಲಿ ನಮ್ಮ ಕೋರಿಕೆ:

1. ಹಳೆಯ ಫೈಲ್‌ಗಳನ್ನು ಅಳಿಸಬೇಡಿ. ಯಾವ ಫಾಂಟ್ ಎಂದು ಗುರುತು ಹಾಕಿಡಿ.

2. ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದದ್ದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ. ಮೂಲ ಫೈಲನ್ನೂ ಹಾಗೇ ಇಟ್ಟುಕೊಳ್ಳಿ.

3. ಈ ಪುಟಕ್ಕೆ ಕಳಿಸುವ ವರದಿಗಳನ್ನು ಫೋಟೊ ಆಗಿ ಅಲ್ಲ, ಯೂನಿಕೋಡ್ ಕನ್ನಡದಲ್ಲೇ ಕಳಿಸಿ. ಫೋಟೊದೊಳಗಿನ ಹೆಸರನ್ನು ನಾಳೆ ಹುಡುಕುವುದು ಕಷ್ಟ.

4. ಮಕ್ಕಳ ಮೊಬೈಲಿನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿಕೊಡಿ. ಅಜ್ಜಿಗೆ ಕಳಿಸುವ ಸಂದೇಶದಿಂದ ಶುರುವಾದರೆ ಸಾಕು.

ನಮ್ಮ ಸಿಡಿಯ ಸಂಚಿಕೆಯ ಫಾಂಟ್ ಯಾವುದೆಂದು ಕೊನೆಗೂ ಪತ್ತೆಯಾಯಿತು. ಮೊದಲ ಹತ್ತು ಪುಟ ಕನ್ನಡಕ್ಕೆ ಮರಳಿವೆ, ಉಳಿದವನ್ನು ತಿದ್ದುತ್ತಿದ್ದೇವೆ. ಕರಡು ನೋಡಲು ಬಿಡುವಿರುವವರು ದಯವಿಟ್ಟು ಕೈಜೋಡಿಸಿ.