ಮೇಲಿನಿಂದ ಬೀಳುವ ಮೀನಿಗಾಗಿ ಕಾಯುವ ಹಾವುಗಳು

ಬೆಳಗಿನ ಜಾವ ಮಂಗಳೂರಿನ ದಕ್ಕೆಗೆ ಹೋದರೆ, ಮೀನು ಕೊಳ್ಳುವವರಿಗಿಂತ ಮೊದಲೇ ಅಲ್ಲಿ ಹಾಜರಿರುವವರು ಯಾರು ಗೊತ್ತೇ? ಕಾಗೆ, ಗಿಡುಗ, ಬೆಳ್ಳಕ್ಕಿ ಮತ್ತು ಬೆಕ್ಕುಗಳು. ಬುಟ್ಟಿಯಿಂದ ಜಾರಿದ ಒಂದು ಬೂತಾಯಿಗೆ ನಾಲ್ಕು ಕಡೆಯಿಂದ ಪೈಪೋಟಿ. ಈ ಸಾಲಿನಲ್ಲಿ ಹಾವೂ ಬಂದು ಕುಳಿತರೆ ಹೇಗಿದ್ದೀತು, ಊಹಿಸಿಕೊಳ್ಳಿ!

ನಮಗೆ ಗೊತ್ತಿರುವ ಹಾವುಗಳು ಹಾಗಲ್ಲ. ಹಿತ್ತಿಲಿನ ಕೇರೆ ಇಲಿ, ಕಪ್ಪೆಗಳನ್ನು ಬೆನ್ನಟ್ಟಿ ಹಿಡಿಯುತ್ತದೆ. ಆಗುಂಬೆಯ ಕಾಡಿನ ಕಾಳಿಂಗ ಸರ್ಪ ಬೇರೆ ಹಾವುಗಳನ್ನೇ ನುಂಗುತ್ತದೆ. ಮೀನುಗಾರರ ಬಲೆಗೆ ಆಗಾಗ ಸಿಕ್ಕಿಬೀಳುವ ಕಡಲಹಾವು ಮೀನನ್ನು ಹುಡುಕಿಕೊಂಡು ಹೋಗುತ್ತದೆ. ಹೆಚ್ಚಿನ ಹಾವುಗಳಿಗೆ ಬೇಕಾದದ್ದು ಜೀವಂತ ಬೇಟೆ. ಆದರೆ ಸುತ್ತಲೂ ಸಮುದ್ರವಿರುವ ಪುಟ್ಟ ದ್ವೀಪದಲ್ಲಿ ಸಿಲುಕಿದ ಹಾವಿಗೆ ಇಲಿ, ಕಪ್ಪೆಗಳು ಎಲ್ಲಿಂದ ಬರಬೇಕು? ಅಲ್ಲಿ ಆಹಾರ ಬರುವುದು ಆಕಾಶದಿಂದ, ಅಂದರೆ ಹಕ್ಕಿಗಳಿಂದ.

ಚೀನಾದ ದಾಲಿಯನ್ ನಗರದ ಬಳಿ ಶೆದಾವೋ ಎಂಬ ದ್ವೀಪವಿದೆ. ವಿಸ್ತೀರ್ಣ ಒಂದು ಚದರ ಕಿಲೋಮೀಟರೂ ಇಲ್ಲ, ಹಾವುಗಳು ಮಾತ್ರ ಸಾವಿರಾರು. ವಲಸೆ ಹಕ್ಕಿಗಳು ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಈ ದಾರಿಯಲ್ಲಿ ಹಾದುಹೋಗುತ್ತವೆ. ಆಗ ಮಂಡಲದ ಜಾತಿಯ ಈ ವಿಷದ ಹಾವುಗಳು ಕೊಂಬೆಗಳ ಮೇಲೆ ಅಲುಗಾಡದೆ ಕಾದು ಕುಳಿತು ಹಕ್ಕಿಗಳನ್ನು ಹಿಡಿಯುತ್ತವೆ. ಆ ಎರಡು ಹಂಗಾಮಿನ ಊಟದಲ್ಲೇ ವರ್ಷ ಸಾಗಬೇಕು!

ಆಸ್ಟ್ರೇಲಿಯಾದ ಪರ್ತ್ ಸಮೀಪದ ಕಾರ್ನಾಕ್ ದ್ವೀಪದ ಕಥೆ ಇನ್ನೂ ವಿಚಿತ್ರ. ಅಲ್ಲಿನ ಟೈಗರ್ ಹಾವುಗಳು ಕಡಲಕ್ಕಿಗಳ ಗೂಡಿಗೆ ನುಗ್ಗಿ ಮರಿಗಳನ್ನು ತಿನ್ನುತ್ತವೆ. ತಾಯಿ ಹಕ್ಕಿ ಸುಮ್ಮನಿರುತ್ತದೆಯೇ? ಹಾವಿನ ಕಣ್ಣಿಗೇ ಕುಕ್ಕುತ್ತದೆ. ಹೀಗೆ ಎರಡೂ ಕಣ್ಣು ಕಳೆದುಕೊಂಡ ಹಾವುಗಳನ್ನು ವಿಜ್ಞಾನಿಗಳು ಹಿಡಿದು ತೂಗಿ ನೋಡಿದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕುರುಡು ಹಾವುಗಳು ಕಣ್ಣಿರುವ ಹಾವುಗಳಷ್ಟೇ ದಷ್ಟಪುಷ್ಟವಾಗಿದ್ದವು. ಗೂಡು ಬಿಟ್ಟು ಓಡಲಾರದ ಮರಿಯನ್ನು ಹಿಡಿಯಲು ನಾಲಿಗೆಯಿಂದ ವಾಸನೆ ಗ್ರಹಿಸಿದರೆ ಸಾಕು, ಕಣ್ಣೇ ಬೇಕೆಂದಿಲ್ಲ.

ಇನ್ನು ದಕ್ಕೆಯ ಬೆಕ್ಕಿನಂತೆ ಬದುಕುವ ಹಾವುಗಳ ವಿಷಯಕ್ಕೆ ಬರೋಣ. ಅಮೆರಿಕದ ಫ್ಲೋರಿಡಾದ ಕರಾವಳಿಯಲ್ಲಿ ಸೀಹಾರ್ಸ್ ಕೀ ಎಂಬ ದ್ವೀಪವಿದೆ. ಅಲ್ಲಿರುವುದು ಕಾಟನ್‌ಮೌತ್ ಎಂಬ ವಿಷದ ಹಾವು. ಬಾಯಿ ತೆರೆದರೆ ಒಳಭಾಗ ಹತ್ತಿಯಂತೆ ಬಿಳುಪು, ಅದಕ್ಕೇ ಆ ಹೆಸರು. ಬೆಳ್ಳಕ್ಕಿ, ನೀರುಕಾಗೆ, ಪೆಲಿಕನ್‌ಗಳು ಸಾವಿರಗಟ್ಟಲೆ ಬಂದು ಈ ದ್ವೀಪದ ಮರಗಳಲ್ಲಿ ಗೂಡು ಕಟ್ಟುತ್ತಿದ್ದವು. ಕಡಲಿನಿಂದ ತಂದ ಮೀನನ್ನು ಮರಿಗಳ ಬಾಯಿಗೆ ಕಕ್ಕುವಾಗ ಒಂದಷ್ಟು ಕೆಳಗೆ ಬೀಳುವುದು ಸಹಜ. ಪುಟ್ಟ ಮಕ್ಕಳಿಗೆ ಉಣ್ಣಿಸುವ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ! ಮರದ ಬುಡದಲ್ಲಿ ಕಾದಿರುತ್ತಿದ್ದ ಹಾವುಗಳು ಈ ಸತ್ತ ಮೀನನ್ನು ಹೆಕ್ಕಿ ತಿನ್ನುತ್ತಿದ್ದವು. ಮರ ಹತ್ತಿ ಮರಿಗಳನ್ನು ಕದಿಯುವ ಗೋಜಿಗೆ ಅವು ಹೋಗುತ್ತಿದ್ದದ್ದು ಕಡಿಮೆ. ಮೊಟ್ಟೆ ಕದಿಯುವ ಇಲಿಗಳು ಹಾವಿಗೆ ಹೆದರಿ ದೂರವಿರುವುದರಿಂದ ಹಕ್ಕಿಗಳಿಗೂ ಇದರಿಂದ ಲಾಭವಿರಬೇಕೆಂದು ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಭಾವಿಸಿದ್ದರು.

ಈ ನೆರೆಹೊರೆತನ 2015ರ ಏಪ್ರಿಲ್‌ನಲ್ಲಿ ಮುರಿದುಬಿತ್ತು. ಗೂಡು, ಮೊಟ್ಟೆಗಳನ್ನು ಇದ್ದಲ್ಲಿಯೇ ಬಿಟ್ಟು ಹಕ್ಕಿಗಳೆಲ್ಲ ಒಮ್ಮೆಲೇ ಹಾರಿಹೋದವು. ರೋಗವೇ, ವಿಷವೇ, ಬೇಟೆಯ ಪ್ರಾಣಿಯೇ ಎಂದೆಲ್ಲ ತಪಾಸಣೆ ನಡೆಯಿತು. ಖಚಿತ ಕಾರಣ ಸಿಗಲಿಲ್ಲ. ಹಲವು ಹಕ್ಕಿಗಳು ಮರಳಿ ಗೂಡು ಕಟ್ಟಿದ್ದು ಪಕ್ಕದ ಸ್ನೇಕ್ ಕೀ ದ್ವೀಪದಲ್ಲಿ. ಆ ಹೆಸರಿನ ಅರ್ಥ ಹಾವಿನ ದ್ವೀಪ ಎಂದು! ಹಾವುಗಳು ಮಾತ್ರ ಈ ಕಡೆ, ಬರಿದಾದ ಗೂಡುಗಳ ಕೆಳಗೆ ಉಳಿದವು.

ನಂತರದ ವರ್ಷಗಳಲ್ಲಿ ಸಂಶೋಧಕರು ಆ ದ್ವೀಪದಲ್ಲಿ ಕಂಡದ್ದು ಬಡಕಲಾದ ಹಾವುಗಳನ್ನು. ಅವುಗಳ ಸಂಖ್ಯೆಯೂ ಇಳಿಯಿತು. ಮೊದಲಿನಿಂದಲೂ ಕೆಲವು ಹಾವುಗಳಿಗೆ ರಾತ್ರಿಯ ಹೊತ್ತು ಅಲೆ ತಂದು ಹಾಕಿದ ಸತ್ತ ಮೀನನ್ನು ಹುಡುಕುತ್ತಾ ತೀರದುದ್ದಕ್ಕೂ ಹರಿದಾಡುವ ಅಭ್ಯಾಸವಿತ್ತು. ಹಕ್ಕಿಗಳು ಹೋದ ಮೇಲೆ ಅವುಗಳಿಗೆ ಉಳಿದ ದೊಡ್ಡ ಆಸರೆ ಅದೊಂದೇ.